ಗುದ್ದಿದ ಮೇಲೆ ಇಳಿದು ನೋಡುವವರು ಯಾರು?

ವಾಹನದ ಸಾಫ್ಟ್‌ವೇರ್ ಎಲ್ಲೆಲ್ಲಿ ಎಡವಬಹುದು ಎಂಬುದನ್ನು ಮುಂಚಿತವಾಗಿ ಊಹಿಸಿ ಪಟ್ಟಿ ಮಾಡುವುದು ಬೆಂಗಳೂರಿನಲ್ಲಿ ಹದಿನಾರು ವರ್ಷಗಳಿಂದ ನಾನು ಮಾಡಿಕೊಂಡು ಬಂದಿರುವ ಕೆಲಸ. ಚಾಲಕನಿಲ್ಲದ ಟ್ಯಾಕ್ಸಿಯ ವಿಷಯದಲ್ಲಿ ಜನರಿಗಿರುವ ಭಯವನ್ನು ತಿಳಿವಳಿಕೆಯ ಕೊರತೆ ಎಂದು ತಳ್ಳಿಹಾಕುವ ರೂಢಿ ನಮ್ಮ ವೃತ್ತಿಯವರಲ್ಲಿದೆ. ಅಮೆರಿಕದ ವಾಹನ ಸವಾರರ ಸಂಘವಾದ ಎಎಎ 2023ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಶೇ 68ರಷ್ಟು ಮಂದಿ ಇಂಥ ವಾಹನಗಳೆಂದರೆ ಭಯ ಎಂದಿದ್ದರು. ಆ ಭಯ ನಾವು ಕೇಳಿಕೊಳ್ಳದೆ ಬಿಟ್ಟ ಪ್ರಶ್ನೆಯೊಂದನ್ನು ಕೇಳುತ್ತಿದೆ ಎಂಬುದು ನನಗೆ ಮನವರಿಕೆಯಾದದ್ದು, ಅದೇ ವರ್ಷದ ಅಕ್ಟೋಬರ್ 2ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಡೆದ ಅಪಘಾತದ ವಿವರಗಳನ್ನು ಓದಿದ ಮೇಲೆ.

ಅಂದು ರಸ್ತೆ ದಾಟುತ್ತಿದ್ದ ಮಹಿಳೆಯೊಬ್ಬರಿಗೆ ಮೊದಲು ಡಿಕ್ಕಿ ಹೊಡೆದದ್ದು ಮನುಷ್ಯರೇ ಓಡಿಸುತ್ತಿದ್ದ ಕಾರು. ಅದು ನಿಲ್ಲದೆ ಹೋಯಿತು. ಡಿಕ್ಕಿಯ ರಭಸಕ್ಕೆ ಆಕೆ ಪಕ್ಕದ ಸಾಲಿನಲ್ಲಿದ್ದ ಕ್ರೂಸ್ ಕಂಪನಿಯ ಚಾಲಕರಹಿತ ಟ್ಯಾಕ್ಸಿಯ ಮುಂದೆ ಬಿದ್ದರು. ಟ್ಯಾಕ್ಸಿ ಜೋರಾಗಿ ಬ್ರೇಕ್ ಹಾಕಿದರೂ ಆಕೆಯ ಮೇಲೆ ಹರಿದು ನಿಂತಿತು. ಇಲ್ಲಿಯವರೆಗಿನದನ್ನು ತಪ್ಪಿಸುವುದು ಎಂಥ ಚಾಲಕನಿಗೂ ಕಷ್ಟವಿತ್ತು ಎಂದು ನಾನು ಒಪ್ಪುತ್ತೇನೆ. ಮುಂದಿನದು ಹಾಗಲ್ಲ. ತನಗೆ ಪಕ್ಕದಿಂದ ಏನೋ ತಗುಲಿದೆ ಎಂದು ತಪ್ಪಾಗಿ ತೀರ್ಮಾನಿಸಿದ ಸಾಫ್ಟ್‌ವೇರ್, ಸಂಚಾರಕ್ಕೆ ಅಡ್ಡಿಯಾಗದಂತೆ ರಸ್ತೆಯ ಬದಿಗೆ ಸರಿಯಬೇಕೆಂಬ ನಿಯಮವನ್ನು ಪಾಲಿಸಿ ಕಾರನ್ನು ಮತ್ತೆ ಚಲಾಯಿಸಿತು, ಮತ್ತು ಅಡಿಯಲ್ಲಿ ಸಿಲುಕಿದ್ದ ಆಕೆಯನ್ನು ಸುಮಾರು 20 ಅಡಿ ದೂರ ಎಳೆದುಕೊಂಡು ಹೋಯಿತು. ತೀವ್ರ ಗಾಯಗಳಾದರೂ ಆಕೆ ಬದುಕುಳಿದರು.

ಬದಿಗೆ ಸರಿಯಬೇಕೆಂಬ ನಿಯಮ ಅವಿವೇಕದ್ದಲ್ಲ. ಏನೋ ಎಡವಟ್ಟಾದಾಗ ಕಾರು ತನ್ನಿಂದ ಇತರರಿಗೆ ಅತಿ ಕಡಿಮೆ ತೊಂದರೆಯಾಗುವ ಕಡೆಗೆ ಹೋಗಿ ನಿಲ್ಲಬೇಕು ಎಂಬುದು ನಮ್ಮ ಕ್ಷೇತ್ರದ ಮೂಲ ಪಾಠ; ಈ ಟ್ಯಾಕ್ಸಿಗಳು ನಡುರಸ್ತೆಯಲ್ಲಿ ನಿಂತುಬಿಡುತ್ತವೆ ಎಂದು ಆ ನಗರದ ಅಗ್ನಿಶಾಮಕ ದಳವೇ ದೂರಿತ್ತು. ಆದರೆ ನಮ್ಮೂರಿನ ಯಾವುದೇ ಆಟೊ ಚಾಲಕ, ಚಕ್ರದಡಿ ಏನೋ ಸಿಕ್ಕಿಕೊಂಡಂತೆ ಅನ್ನಿಸಿದರೆ, ಗಾಡಿ ಆಫ್ ಮಾಡಿ ಇಳಿದು, ಬಗ್ಗಿ ನೋಡುತ್ತಾನೆ. ಲೈಡಾರ್ (ಲೇಸರ್ ಬೆಳಕಿನಿಂದ ದೂರ ಅಳೆಯುವ ಸಾಧನ), ರೇಡಾರ್, ಕ್ಯಾಮೆರಾಗಳು ಸಾಮಾನ್ಯವಾಗಿ ಕಾರಿನ ಸುತ್ತ ಹೊರಗೆ ನೋಡುತ್ತವೆಯೇ ಹೊರತು ತಮ್ಮದೇ ಅಡಿಗೆ ಬಗ್ಗಿ ನೋಡುವುದಿಲ್ಲ.

ಜನರ ನಂಬಿಕೆ ಇನ್ನಷ್ಟು ಮುರಿದದ್ದು ಆಮೇಲಿನ ನಡವಳಿಕೆಯಿಂದ. ಅಕ್ಟೋಬರ್ 24ರಂದು ಕ್ಯಾಲಿಫೋರ್ನಿಯದ ಮೋಟಾರು ವಾಹನ ಇಲಾಖೆ ಕ್ರೂಸ್‌ನ ಪರವಾನಗಿಯನ್ನು ಅಮಾನತು ಮಾಡಿತು. ಅಮೆರಿಕದ ಕೇಂದ್ರ ರಸ್ತೆ ಸುರಕ್ಷತಾ ಸಂಸ್ಥೆಗೆ ಕ್ರೂಸ್ ಸಲ್ಲಿಸಿದ ವರದಿಯಲ್ಲಿ ಮಹಿಳೆಯನ್ನು ಎಳೆದೊಯ್ದ ಸಂಗತಿಯೇ ಇರಲಿಲ್ಲ. ವರದಿ ಸುಳ್ಳೆಂದು 2024ರ ನವೆಂಬರ್‌ನಲ್ಲಿ ಒಪ್ಪಿಕೊಂಡ ಕಂಪನಿ 5 ಲಕ್ಷ ಡಾಲರ್ ದಂಡಕ್ಕೆ ಒಳಗಾಯಿತು. ಮರುತಿಂಗಳೇ ಮಾತೃಸಂಸ್ಥೆ ಜನರಲ್ ಮೋಟರ್ಸ್ ಈ ಟ್ಯಾಕ್ಸಿ ಯೋಜನೆಗೆ ಹಣ ಹೂಡುವುದನ್ನು ನಿಲ್ಲಿಸಿತು. ಸಾಫ್ಟ್‌ವೇರ್ ತಪ್ಪನ್ನು ತಿದ್ದಬಹುದು, ಆದರೆ ತಪ್ಪನ್ನು ಮುಚ್ಚಿಟ್ಟರೆ ನನ್ನಂಥ ಪರಿಶೀಲಕನ ಕೈಯಲ್ಲಿ ಯಾವ ಉಪಾಯವೂ ಉಳಿಯುವುದಿಲ್ಲ.

ಅಂಕಿಅಂಶಗಳು ಧೈರ್ಯ ಕೊಡುತ್ತವೆ ಎನ್ನುವವರ ವಾದದಲ್ಲಿ ಹುರುಳಿದೆ. 2025ರ ಜನವರಿಯವರೆಗೆ ತಮ್ಮ ಕಾರುಗಳು ಚಾಲಕರಿಲ್ಲದೆ ಓಡಿದ 5.67 ಕೋಟಿ ಮೈಲಿಗಳಲ್ಲಿ, ಪಾದಚಾರಿಗಳಿಗೆ ಗಾಯವಾಗುವ ಅಪಘಾತಗಳು ಮನುಷ್ಯ ಚಾಲಕರಿಗೆ ಹೋಲಿಸಿದರೆ ಶೇ 92ರಷ್ಟು ಕಡಿಮೆ ಎಂದು ಇಂಥದೇ ಟ್ಯಾಕ್ಸಿಗಳನ್ನು ಓಡಿಸುವ ವೇಮೊ ಕಂಪನಿಯ ಸಂಶೋಧಕರು ಪ್ರಕಟಿಸಿದ್ದಾರೆ. ಗಾಯಗಳ ಮಟ್ಟಿಗೆ ಇದು ತೂಕವುಳ್ಳ ಪುರಾವೆ. ಸಾವಿನ ಮಟ್ಟಿಗೆ ಲೆಕ್ಕ ಬೇರೆ: ಅಮೆರಿಕದಲ್ಲಿ ಸರಿಸುಮಾರು 10 ಕೋಟಿ ಮೈಲಿಗೆ ಒಂದು ಸಾವು ಸಂಭವಿಸುವುದರಿಂದ, ಯಂತ್ರ ಮನುಷ್ಯನಿಗಿಂತ ಕಡೆಯಲ್ಲ ಎಂದು ಶೇ 95ರ ಖಾತರಿಯಿಂದ ಹೇಳಬೇಕಾದರೆ ಒಂದೂ ಸಾವಿಲ್ಲದೆ 27.5 ಕೋಟಿ ಮೈಲಿ ಓಡಬೇಕೆಂದು ನೀತಿ ಸಂಶೋಧನೆ ನಡೆಸುವ ರ‍್ಯಾಂಡ್ ಸಂಸ್ಥೆ 2016ರಲ್ಲೇ ತೋರಿಸಿತ್ತು. ಅಷ್ಟರಲ್ಲಿ ಸಾಫ್ಟ್‌ವೇರ್ ಎಷ್ಟೋ ಬಾರಿ ಬದಲಾಗಿರುತ್ತದೆ. ಹಳೆಯ ಮೈಲಿಗಳು ಹೊಸ ಆವೃತ್ತಿಗೆ ಎಷ್ಟರಮಟ್ಟಿಗೆ ಸಾಕ್ಷಿಯಾಗುತ್ತವೆ ಎಂಬ ಬಗ್ಗೆ ನಮ್ಮಲ್ಲೇ ಒಮ್ಮತವಿಲ್ಲ.

ಯಂತ್ರದ ತಪ್ಪಿಗೆ ಇನ್ನೊಂದು ಗುಣವಿದೆ. 2023ರ ಡಿಸೆಂಬರ್‌ನಲ್ಲಿ ಫೀನಿಕ್ಸ್ ನಗರದಲ್ಲಿ, ಇನ್ನೊಂದು ವಾಹನ ಹಿಂದುಮುಂದಾಗಿ ಎಳೆದೊಯ್ಯುತ್ತಿದ್ದ ಪಿಕಪ್ ವಾಹನವೊಂದು ಯಾವ ಕಡೆಗೆ ಸಾಗುತ್ತದೆ ಎಂಬುದನ್ನು ತಪ್ಪಾಗಿ ಊಹಿಸಿದ ವೇಮೊ ಕಾರು ಅದಕ್ಕೆ ತಾಗಿತು. ಕೆಲವೇ ನಿಮಿಷಗಳಲ್ಲಿ ಎರಡನೆಯ ವೇಮೊ ಕಾರು ಅದೇ ಪಿಕಪ್‌ಗೆ ತಾಗಿತು. ಮನುಷ್ಯರಾಗಿದ್ದರೆ ಒಬ್ಬ ಎಡವಿದಲ್ಲಿ ಇನ್ನೊಬ್ಬ ಎಚ್ಚೆತ್ತುಕೊಳ್ಳುವ ಸಾಧ್ಯತೆಯಿತ್ತು. ಆದರೆ ಒಂದೇ ಸಾಫ್ಟ್‌ವೇರ್ ಓಡಿಸುವ ಕಾರುಗಳು ಒಂದೇ ತಪ್ಪನ್ನು ಒಟ್ಟಾಗಿ ಮಾಡುತ್ತವೆ. ಯಾರಿಗೂ ಗಾಯವಾಗಲಿಲ್ಲ. ವೇಮೊ ತಾನಾಗಿ 444 ಕಾರುಗಳ ಸಾಫ್ಟ್‌ವೇರನ್ನು ರಿಕಾಲ್ ಮಾಡಿ ಕಾರಣವನ್ನು ಬಹಿರಂಗಪಡಿಸಿತು, ಆ ನಡೆಯನ್ನು ನಾನು ಮೆಚ್ಚುತ್ತೇನೆ.

ಸ್ಯಾನ್ ಫ್ರಾನ್ಸಿಸ್ಕೊ ಅಪಘಾತದ ವಿವರಗಳನ್ನು ಓದಿದ ವಾರವೇ ನಾನು ಕೆಲಸ ಮಾಡುತ್ತಿದ್ದ ಯೋಜನೆಯೊಂದರ ಅಪಾಯಗಳ ಪಟ್ಟಿಯನ್ನು ತೆಗೆದು ನೋಡಿದೆ. ಡಿಕ್ಕಿಗೆ ಮುಂಚಿನ ಸಂದರ್ಭಗಳಿಗೆ ಪುಟಗಟ್ಟಲೆ ಸಾಲುಗಳಿದ್ದವು; ಡಿಕ್ಕಿಯ ನಂತರಕ್ಕೆ ಇದ್ದದ್ದು ಮೂರೇ ಸಾಲು, ಅವುಗಳಲ್ಲಿ ಒಂದರಲ್ಲೂ ಕಾರಿನಡಿ ಮನುಷ್ಯರಿರಬಹುದು ಎಂಬ ಮಾತಿರಲಿಲ್ಲ. ಆ ಪಟ್ಟಿಗೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ. ಏನು ತಗುಲಿತೆಂದು ಖಚಿತವಾಗದಿದ್ದರೆ, ಸ್ಥಳಕ್ಕೆ ಬಂದ ಮನುಷ್ಯರೊಬ್ಬರು ಬಗ್ಗಿ ನೋಡಿ ತಿಳಿಸುವವರೆಗೆ ಚಕ್ರ ಒಂದಂಗುಲವೂ ಉರುಳಕೂಡದು ಎಂದು ನಾಲ್ಕನೆಯ ಸಾಲಾಗಿ ಸೇರಿಸಿದೆ.