ಲಕ್ಷದ್ವೀಪಕ್ಕೆ ಹಡಗಿನಲ್ಲಿ: ದಸರಾ ರಜೆಗೋ, ಬೇಸಿಗೆ ರಜೆಗೋ?

ಪ್ರಶ್ನೆ: ಕೊಚ್ಚಿಯಿಂದ ಹಡಗು ಹತ್ತಿ ಲಕ್ಷದ್ವೀಪ ನೋಡಿ ಬರಬೇಕೆಂದು ಮನೆಮಂದಿಗೆಲ್ಲ ಆಸೆ. ಇಬ್ಬರು ಮಕ್ಕಳಿದ್ದಾರೆ, ಜೊತೆಗೆ 67 ವರ್ಷದ ಅಮ್ಮ. ದಸರಾ ರಜೆಯಲ್ಲಿ ಹೋಗುವುದು ಒಳ್ಳೆಯದಾ, ಬೇಸಿಗೆ ರಜೆಯಲ್ಲಾ?

ಉತ್ತರ: ನನ್ನನ್ನು ಕೇಳಿದರೆ ಎರಡೂ ಅಲ್ಲ. ಜನವರಿ ಕೊನೆಯಿಂದ ಮಾರ್ಚ್‌ವರೆಗೆ ಹೋಗಿ. ಶಾಲೆಗೆ ನಾಲ್ಕೈದು ದಿನ ರಜೆ ಹಾಕಿಸಬೇಕಾದೀತು. ಅಮ್ಮ ಜೊತೆಗಿದ್ದಾರೆ ಅಂದಮೇಲೆ ಹಾಕಿಸುವುದೇ ಸರಿ.

ಹೆಚ್ಚಿನವರು ಇಂಥ ಪ್ರವಾಸಕ್ಕೆ ದಿನ ಗೊತ್ತು ಮಾಡುವಾಗ ಮಳೆ ಬರುತ್ತದಾ ಇಲ್ಲವಾ ಅಂತ ಮಾತ್ರ ನೋಡುತ್ತಾರೆ. ಮಳೆ ಅಷ್ಟು ದೊಡ್ಡ ತೊಂದರೆಯಲ್ಲ. ಒಂದು ಗಂಟೆ ಸುರಿದು ನಿಂತರೆ ಯಾರಿಗೇನು ನಷ್ಟ? ನೋಡಬೇಕಾದದ್ದು ಕಡಲನ್ನು. ಲಕ್ಷದ್ವೀಪದಲ್ಲಿ ಹೆಚ್ಚಿನ ಕಡೆ ಹಡಗು ದಡದವರೆಗೆ ಹೋಗುವುದಿಲ್ಲ. ದ್ವೀಪದ ಸುತ್ತ ಹವಳದ ದಿಬ್ಬವಿದೆ, ಅದರ ಒಳಗಿನ ಲಗೂನಿನಲ್ಲಿ, ಅಂದರೆ ದಿಬ್ಬಕ್ಕೂ ದಡಕ್ಕೂ ನಡುವಿನ ಕಡಲಿನಲ್ಲಿ, ನೀರು ಆಳವಿಲ್ಲ. ಹಾಗಾಗಿ ಹಡಗು ಹೊರಗೇ ನಿಲ್ಲುತ್ತದೆ. ಅದರ ಪಕ್ಕದ ಬಾಗಿಲಿನಿಂದ ನೀವು ಸಣ್ಣ ದೋಣಿಗೆ ಇಳಿಯಬೇಕು. ಹಡಗು ಒಂದು ತಾಳಕ್ಕೆ ಏಳುತ್ತದೆ, ದೋಣಿ ಇನ್ನೊಂದು ತಾಳಕ್ಕೆ. ಸಿಬ್ಬಂದಿ ಎರಡೂ ಕೈ ಹಿಡಿದು, ಸಮಯ ನೋಡಿ ದಾಟಿಸುತ್ತಾರೆ. ಕಡಲು ತಣ್ಣಗಿದ್ದರೆ ಅದೊಂದು ಹೆಜ್ಜೆಯ ಕೆಲಸ. ತೆರೆ ಜೋರಿದ್ದರೆ ಮೊಣಕಾಲು ನೋವಿನವರಿಗೆ ನಿಜಕ್ಕೂ ಕಷ್ಟ. ಹಡಗು ಹೊರಗೆ ನಿಲ್ಲುವ ಪ್ರತಿ ದ್ವೀಪದಲ್ಲೂ ಇದನ್ನು ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಮಾಡಬೇಕು. ಲಕ್ಷದ್ವೀಪ ಆಡಳಿತದ ‘ಸಮುದ್ರಂ’ ಪ್ರವಾಸದಲ್ಲಿ ಎಂವಿ ಕವರತ್ತಿ ಹಡಗು ಕವರತ್ತಿ, ಕಲ್ಪೇನಿ, ಮಿನಿಕಾಯ್ ಮೂರನ್ನೂ ತೋರಿಸುತ್ತದೆ. ರಾತ್ರಿ ಪ್ರಯಾಣ, ಹಗಲು ದ್ವೀಪ. ಲೆಕ್ಕ ಹಾಕಿ ನೋಡಿ, ಅಮ್ಮ ಎಷ್ಟು ಸಲ ಹತ್ತಿ ಇಳಿಯಬೇಕು ಅಂತ.

ಇನ್ನು ತಿಂಗಳುಗಳ ವಿಚಾರ. ಜೂನ್‌ನಿಂದ ಸೆಪ್ಟೆಂಬರ್ ಮಾತೇ ಬೇಡ. ಮುಂಗಾರಿನ ಗಾಳಿ ಅರಬ್ಬಿ ಸಮುದ್ರದ ಉದ್ದಗಲ ದಾಟಿ ಬರುತ್ತದೆ, ದಾರಿಯಲ್ಲಿ ಅದಕ್ಕೆ ಅಡ್ಡ ಏನೂ ಇಲ್ಲ. ಅಷ್ಟು ದೂರ ಒಂದೇ ಸಮನೆ ಬೀಸಿದ ಗಾಳಿ ಎಬ್ಬಿಸುವ ತೆರೆ ದೊಡ್ಡದೇ ಆಗಿರುತ್ತದೆ. ಮಂಗಳೂರಿನವರಿಗೆ ಇದು ಹೊಸದಲ್ಲ. ಹಳೆ ಬಂದರಿನಿಂದ ಅಕ್ಕಿ, ತರಕಾರಿ, ಸಿಮೆಂಟು ತುಂಬಿಕೊಂಡು ದ್ವೀಪಗಳಿಗೆ ಹೋಗುವ ಮಂಜಿಗಳು, ಅಂದರೆ ಸಣ್ಣ ಸರಕು ಹಡಗುಗಳು, ಮೇ ಮಧ್ಯದಲ್ಲಿ ನಿಂತರೆ ಮತ್ತೆ ಹೊರಡುವುದು ಸೆಪ್ಟೆಂಬರ್ ಮಧ್ಯದ ಮೇಲೆಯೇ. ಈ ನಂಟು ಬಹಳ ಹಳೆಯದು. ಅಮಿನಿ, ಕಡಮತ್, ಕಿಲ್ತಾನ್ ಮೊದಲಾದ ಅಮಿನದೀವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು.

ದಸರಾ ಬರುವುದು ಅಕ್ಟೋಬರ್ ಸುಮಾರಿಗೆ. ಆ ಹೊತ್ತಿಗೆ ಕಡಲು ಇಳಿದಿರುತ್ತದೆ, ಪ್ರವಾಸಿ ಹಡಗುಗಳೂ ಶುರುವಾಗಿರುತ್ತವೆ. ಆದರೆ ಹಿಂಗಾರು ಕಾಲಿಡುವುದೂ ಅದೇ ತಿಂಗಳ ಕೊನೆಗೆ. ನವೆಂಬರ್ ಬಂತೆಂದರೆ ಚಂಡಮಾರುತದ ಭಯವೂ ಇದೆ. 2017ರ ಡಿಸೆಂಬರ್ ಮೊದಲ ದಿನಗಳಲ್ಲಿ ಓಖಿ ಚಂಡಮಾರುತ ಮಿನಿಕಾಯ್, ಕಲ್ಪೇನಿಗಳಲ್ಲಿ ತುಂಬಾ ಹಾನಿ ಮಾಡಿತು. ಪ್ರತಿ ವರ್ಷ ಹೀಗಾಗುವುದಿಲ್ಲ, ನಿಜ. ಹಡಗು ಹೊರಡುವುದೇ ರದ್ದಾಗಬಹುದು ಅನ್ನುವುದು ಮಾತ್ರ ತಲೆಯಲ್ಲಿರಲಿ.

ಬೇಸಿಗೆ ರಜೆಯನ್ನು ಒಂದೇ ಅಂತ ನೋಡಬೇಡಿ. ಏಪ್ರಿಲ್ ಬೇರೆ, ಮೇ ಬೇರೆ. ಏಪ್ರಿಲ್‌ನಲ್ಲಿ ಗಾಳಿ ಕಡಿಮೆ, ಕಡಲು ಬಹುತೇಕ ಶಾಂತ. ಲಗೂನಿನ ನೀರು ಎಷ್ಟು ತಿಳಿಯೆಂದರೆ ದೋಣಿಯಲ್ಲಿ ಕುಳಿತೇ ತಳದ ಹವಳ ಕಾಣುತ್ತದೆ. ಸೆಖೆ ಮಾತ್ರ ಜಾಸ್ತಿ. ಲಕ್ಷದ್ವೀಪದ ಸುತ್ತಲಿನ ಕಡಲು ಬೇಸಿಗೆಯಲ್ಲಿ ಕಾಯುತ್ತಾ ಹೋಗಿ ಮೇಲ್ಮೈ ನೀರು 30 ಡಿಗ್ರಿ ದಾಟುತ್ತದೆ. ಆ ಬಿಸಿಯೇ ಮೇ ತಿಂಗಳಲ್ಲಿ ವಾಯುಭಾರ ಕುಸಿತಕ್ಕೆ ಮೇವಾಗುತ್ತದೆ. 2021ರ ಮೇ 14ರ ಸುಮಾರಿಗೆ ತೌಕ್ತೆ ಚಂಡಮಾರುತ ಎದ್ದದ್ದು ಲಕ್ಷದ್ವೀಪದ ಹತ್ತಿರವೇ. ಆಮೇಲೆ ಅದು ನಮ್ಮ ಕರಾವಳಿಯನ್ನು ಹೇಗೆ ಕೊರೆಯಿತು ಅಂತ ಉಳ್ಳಾಲ, ಸೋಮೇಶ್ವರದವರಿಗೆ ಚೆನ್ನಾಗಿ ಗೊತ್ತು. ಮುಂಗಾರು ಕೇರಳ ಮುಟ್ಟಿತು ಅಂತ ಹವಾಮಾನ ಇಲಾಖೆ ಸಾರುವುದಕ್ಕೆ 14 ಕೇಂದ್ರಗಳ ಮಳೆ ಲೆಕ್ಕ ನೋಡುತ್ತದೆ. ಅದರಲ್ಲಿ ಮಂಗಳೂರಿನ ಜೊತೆ ಮಿನಿಕಾಯ್, ಅಮಿನಿಗಳೂ ಇವೆ. ಆ ಲೆಕ್ಕ ಶುರುವಾಗುವುದೇ ಮೇ 10ರ ನಂತರ. ಹಾಗಾಗಿ ರಜೆಯಲ್ಲೇ ಹೋಗಬೇಕು ಅಂದರೆ ಶಾಲೆ ಮುಗಿದ ತಕ್ಷಣ, ಏಪ್ರಿಲ್ ಮಧ್ಯದಲ್ಲೇ ಹೋಗಿ ಬನ್ನಿ. ಮೇ ತಿಂಗಳಿಗೆ ತಳ್ಳಬೇಡಿ.

ಹವಳದ ಬಗ್ಗೆ ಒಂದು ಮಾತು. ನೀರು ತೀರಾ ಕಾದ ವರ್ಷಗಳಲ್ಲಿ, ಅಂದರೆ 1998, 2010, 2016, ಮತ್ತೆ 2024ರಲ್ಲಿ, ಇಲ್ಲಿನ ಹವಳಗಳು ಬಣ್ಣ ಕಳೆದುಕೊಂಡು ಬಿಳುಚಿದವು. ಅದು ಸಾಯುವುದರ ಅಂಚು. ಅಂಥ ವರ್ಷ ಏಪ್ರಿಲ್, ಮೇ ತಿಂಗಳಲ್ಲಿ ಹೋದವರಿಗೆ ಬಣ್ಣದ ತೋಟದ ಬದಲು ಸುಣ್ಣ ಬಳಿದಂಥ ತಳ ಕಾಣಬಹುದು. ನೋಡಿದರೆ ಸಂಕಟವಾಗುತ್ತದೆ. ಯಾವ ಕಾಲದಲ್ಲೇ ಹೋದರೂ ಮಕ್ಕಳಿಗೆ ಹವಳ ಮುಟ್ಟಬಾರದು, ಅದರ ಮೇಲೆ ನಿಲ್ಲಬಾರದು ಅಂತ ಮೊದಲೇ ಹೇಳಿಬಿಡಿ. ದ್ವೀಪ ನಿಂತಿರುವುದೇ ಅದರ ಮೇಲೆ.

ಜನವರಿಯಿಂದ ಮಾರ್ಚ್ ಆದರೆ ಈ ಎಲ್ಲ ಕಾಟ ಕಡಿಮೆ. ಮಳೆ ಅಪರೂಪ, ಕಡಲು ಶಾಂತ, ಬಿಸಿಲು ತಡೆಯುವಂಥದ್ದು. ಡಿಸೆಂಬರ್ ಕೊನೆಯೂ ಚೆನ್ನಾಗಿರುತ್ತದೆ, ಆದರೆ ಕ್ರಿಸ್‌ಮಸ್, ಹೊಸ ವರ್ಷದ ನೂಕುನುಗ್ಗಲಿನಲ್ಲಿ ಟಿಕೆಟ್ ಸಿಗುವುದೇ ಕಷ್ಟ. ಫೆಬ್ರವರಿಗೆ ಅಂತ ಹೊರಟರೆ ರಮ್ಜಾನ್ ಯಾವಾಗ ಅಂತ ನೋಡಿಕೊಳ್ಳಿ. ದ್ವೀಪದವರು ಬಹುತೇಕ ಎಲ್ಲರೂ ಮುಸ್ಲಿಮರು. ಈಗಿನ ಕೆಲವು ವರ್ಷ ಉಪವಾಸದ ತಿಂಗಳು ಇದೇ ಹೊತ್ತಿಗೆ ಬರುತ್ತಿದೆ. ನಾವು ಅತಿಥಿಗಳು, ಅವರು ಉಪವಾಸವಿರುವಾಗ ಹಗಲು ಹೋಟೆಲು, ಪಾನಕ ಅಂತ ಹುಡುಕುವುದು ಚೆನ್ನಾಗಿರುವುದಿಲ್ಲ, ಅಲ್ವಾ?

ಪ್ರವೇಶ ಪರವಾನಗಿ ಇಲ್ಲದೆ ಹಡಗು ಹತ್ತಿಸುವುದಿಲ್ಲ, ಅದನ್ನು ಟಿಕೆಟ್ ಜೊತೆಗೇ ಮುಗಿಸಿ. ಅಮ್ಮನಿಗೆ ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಮಲಗುವ ಜಾಗ ಕೇಳಿ, ಅಲ್ಲಿ ಓಲಾಟ ಕಡಿಮೆ. ವಾಂತಿಯ ಮಾತ್ರೆಯನ್ನು ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಿ. ಬಿಪಿ, ಸಕ್ಕರೆಯ ಮಾತ್ರೆಗಳು ಕೈಚೀಲದಲ್ಲೇ ಇರಲಿ, ಎರಡು ದಿನಕ್ಕಾಗುವಷ್ಟು ಹೆಚ್ಚೇ ಇರಲಿ. ಎಂಥ ಒಳ್ಳೆಯ ಕಾಲದಲ್ಲೂ ಹಡಗಿನ ವೇಳೆ ಹಿಂದೆ ಮುಂದೆ ಆಗುವುದುಂಟು. ಕೊಚ್ಚಿಯಿಂದ ಊರಿಗೆ ಹೊರಡುವ ರೈಲನ್ನು ಹಡಗು ಮುಟ್ಟುವ ದಿನವೇ ಬುಕ್ ಮಾಡಬೇಡಿ, ಮಾರನೆಯ ದಿನ ಸಂಜೆಯದ್ದು ನೋಡಿ.