ಹಿಂಡೋ ಒಂಟಿಯೋ? ಮೊದಲು ಮೇವು ನೋಡಿ

ಪ್ರಾಣಿಗಳ ಅಧ್ಯಯನಕ್ಕೆ ಹೊಸದಾಗಿ ಬರುವ ವಿದ್ಯಾರ್ಥಿಗಳು ಮೊದಲು ಬರೆದಿಟ್ಟುಕೊಳ್ಳುವುದು ಸ್ವಭಾವವನ್ನು. ಇದು ಹಿಂಡಿನದು, ಇದು ಒಂಟಿ, ಇದು ಜಗಳಗಂಟ. ಅದನ್ನು ಸ್ವಲ್ಪ ದಿನ ಬದಿಗಿಡಿ ಅಂತ ನಾನು ಹೇಳುತ್ತೇನೆ. ಪ್ರಾಣಿ ಏನು ತಿನ್ನುತ್ತದೆ, ಆ ಮೇವು ಎಲ್ಲಿ ಹೇಗೆ ಹರಡಿದೆ, ಆ ಪ್ರಾಣಿಯನ್ನೇ ಹಿಡಿದು ತಿನ್ನುವವರು ಯಾರು, ಇಷ್ಟನ್ನು ಮೊದಲು ನೋಡಿ. ಸ್ವಭಾವ ಅಂದುಕೊಂಡಿದ್ದರಲ್ಲಿ ಎಷ್ಟೋ ಪಾಲು ಅಲ್ಲೇ ಬಿಡಿಸಿಕೊಳ್ಳುತ್ತದೆ.

1964ರಲ್ಲಿ ಜಾನ್ ಕ್ರೂಕ್ ಗೀಜಗನ ಬಳಗದ ಸುಮಾರು 90 ಜಾತಿಗಳನ್ನು ಹೋಲಿಸಿ ನೋಡಿದರು. ಕಾಡಿನಲ್ಲಿ ಹುಳ ತಿಂದು ಬದುಕುವ ಜಾತಿಗಳು ಹೆಚ್ಚಾಗಿ ಜೋಡಿಯಾಗಿ ಇರುತ್ತವೆ, ಗೂಡನ್ನು ಮರೆಯಲ್ಲಿ ಕಟ್ಟುತ್ತವೆ. ಹುಳ ಸಿಗುವುದು ಅಲ್ಲೊಂದು ಇಲ್ಲೊಂದು, ಹಾಗಾಗಿ ಗಂಡು ಹೆಣ್ಣು ಇಬ್ಬರೂ ದುಡಿಯದಿದ್ದರೆ ಮರಿಗಳ ಹೊಟ್ಟೆ ತುಂಬುವುದಿಲ್ಲ. ಹುಲ್ಲುಬಯಲಿನಲ್ಲಿ ಕಾಳು ತಿನ್ನುವ ಜಾತಿಗಳ ಕತೆ ಬೇರೆ. ಕಾಳು ಸಿಕ್ಕರೆ ಒಂದೇ ಕಡೆ ರಾಶಿ ಸಿಗುತ್ತದೆ, ಹುಡುಕುವ ಕಣ್ಣು ಜಾಸ್ತಿ ಇದ್ದಷ್ಟೂ ಲಾಭ. ಗೂಡು ಕಟ್ಟಲು ಭದ್ರವಾದ ಮರ ಮಾತ್ರ ಕಡಿಮೆ. ಹಾಗಾಗಿ ಒಂದೇ ಮರದ ತುಂಬ ಗೂಡುಗಳು, ಒಂದೇ ಗಂಡಿಗೆ ಹಲವು ಹೆಣ್ಣುಗಳು.

ಹತ್ತು ವರ್ಷದ ನಂತರ ಪೀಟರ್ ಜಾರ್ಮನ್ ಆಫ್ರಿಕಾದ ಚಿಗರೆಗಳಲ್ಲೂ ಇಂಥದ್ದೇ ಕಂಡರು. ಪುಟ್ಟ ಡಿಕ್-ಡಿಕ್ ಎಳೆ ಚಿಗುರನ್ನು ಆರಿಸಿ ತಿನ್ನುತ್ತದೆ, ಜೋಡಿಯಾಗಿ ಪೊದೆಯಲ್ಲಿ ಅಡಗಿ ಬದುಕುತ್ತದೆ. ಹುಲ್ಲು ಮೇಯುವ ವೈಲ್ಡೆಬೀಸ್ಟ್‌ಗೆ ಬಯಲಿನಲ್ಲಿ ಅಡಗಲು ಜಾಗವೇ ಇಲ್ಲ, ಅದಕ್ಕೆ ಹಿಂಡೇ ಮರೆ.

ಆದರೆ ಬೇರೆ ಬೇರೆ ಜಾತಿಗಳನ್ನು ಹೋಲಿಸಿದರೆ ಸಾಲದು. ನನಗೆ ಹೆಚ್ಚು ಇಷ್ಟವಾಗುವುದು ಒಂದೇ ಹಕ್ಕಿ ದಿನಕ್ಕೊಂದು ರೀತಿ ನಡೆದುಕೊಳ್ಳುವ ಉದಾಹರಣೆ. ಆಕ್ಸ್‌ಫರ್ಡ್ ಹತ್ತಿರ ಥೇಮ್ಸ್ ನದಿಯ ದಡದಲ್ಲಿ ನಿಕ್ ಡೇವಿಸ್ ಮತ್ತು ಅಲಾಸ್ಡೇರ್ ಹೂಸ್ಟನ್ ಚಳಿಗಾಲದ ಸಿಪಿಲೆಗಳನ್ನು ಗಮನಿಸಿದರು. ಬಾಲ ಕುಣಿಸುತ್ತಾ ದಡದಲ್ಲಿ ಓಡಾಡುವ ಹಕ್ಕಿ ಅದು. ನೀರು ತಂದು ಹಾಕುವ ಸಣ್ಣ ಹುಳಗಳನ್ನು ಹೆಕ್ಕುತ್ತಾ ಒಂದು ದಡದಲ್ಲಿ ಮೇಲಕ್ಕೆ ಹೋಗಿ ಇನ್ನೊಂದು ದಡದಲ್ಲಿ ವಾಪಸ್ ಬರುತ್ತದೆ. ಅದು ಒಂದು ಸುತ್ತು ಮುಗಿಸುವಷ್ಟರಲ್ಲಿ ಮೊದಲು ಹೆಕ್ಕಿದ ಕಡೆ ಮತ್ತೆ ಹುಳ ಬಂದು ಸೇರಿರುತ್ತವೆ. ಬೇರೆ ಹಕ್ಕಿ ನಡುವೆ ನುಗ್ಗಿದರೆ ಲೆಕ್ಕ ಕೆಡುತ್ತದೆ, ಆಗತಾನೇ ಖಾಲಿಯಾದ ಜಾಗದಲ್ಲಿ ಸುಮ್ನೆ ನಡೆದಂತಾಗುತ್ತದೆ. ಹಾಗಾಗಿ ಹುಳ ಕಡಿಮೆ ಇದ್ದ ದಿನ ಜಾಗದ ಒಡೆಯ ಎಲ್ಲರನ್ನೂ ಓಡಿಸುತ್ತದೆ. ಹುಳ ಚೆನ್ನಾಗಿದ್ದ ದಿನ ಇನ್ನೊಂದು ಹಕ್ಕಿಯನ್ನು ಇರಗೊಡುತ್ತದೆ. ಆ ಎರಡನೆಯದು ಪುಕ್ಕಟೆ ತಿನ್ನುವುದಿಲ್ಲ, ಹೊರಗಿನವರನ್ನು ಓಡಿಸಲು ಜೊತೆಗೆ ನಿಲ್ಲುತ್ತದೆ. ಹುಳ ವಿಪರೀತ ಇದ್ದರೆ ಕಾವಲೇ ಬೇಡ. ಇದನ್ನು ಜಗಳಗಂಟ ಹಕ್ಕಿ ಅನ್ನಬೇಕೋ, ಸಾಧು ಅನ್ನಬೇಕೋ? ಯಾವ ದಿನ ನೋಡಿದಿರಿ ಅನ್ನುವುದರ ಮೇಲೆ ಹೋಗುತ್ತದೆ, ಅಲ್ವಾ?

ಸಸ್ತನಿಗಳಲ್ಲೂ ಹೀಗೇ. ಬೇಟೆ ವರ್ಷವಿಡೀ ಅಲ್ಲೇ ಇರುವ ಟಾಂಜಾನಿಯಾದ ಎನ್‌ಗೊರೊಂಗೊರೊ ಕುಳಿಯಲ್ಲಿ ಚುಕ್ಕೆ ಕತ್ತೆಕಿರುಬಗಳು ಗಡಿಗಾಗಿ ಸಾಯುವಷ್ಟು ಕಚ್ಚಾಡುತ್ತವೆ. ಬೇಟೆಯ ಹಿಂಡುಗಳು ವಲಸೆ ಹೋಗುವ ಪಕ್ಕದ ಸೆರೆಂಗೆಟಿ ಬಯಲಿನಲ್ಲಿ ಅದೇ ಜಾತಿಯ ಕತ್ತೆಕಿರುಬಗಳು ಬೇಟೆ ಹುಡುಕಿಕೊಂಡು ಬೇರೆ ಗುಂಪುಗಳ ಜಾಗ ದಾಟಿ ಬಹುದೂರ ಹೋಗಿಬರುತ್ತವೆ.

ಕುಟುಂಬದ ರೂಪವೂ ಹೀಗೆ ಬದಲಾಗುತ್ತದೆ. ಸೀಶೆಲ್ಸ್‌ನ ಕಸಿನ್ ಅನ್ನುವ ಪುಟ್ಟ ದ್ವೀಪದಲ್ಲಿ ಒಂದು ಜಾತಿಯ ವಾರ್ಬ್ಲರ್ ಹಕ್ಕಿ ಅಳಿವಿನ ಅಂಚಿಗೆ ಹೋಗಿತ್ತು. 1968ರಲ್ಲಿ ದ್ವೀಪ ಸಂರಕ್ಷಣೆಗೆ ಒಳಪಟ್ಟ ಮೇಲೆ ಹಕ್ಕಿಗಳು ಹೆಚ್ಚಿದವು, ಜಾಗವೆಲ್ಲ ತುಂಬಿತು. ಆಗ ಬೆಳೆದ ಮರಿಗಳು, ಅದರಲ್ಲೂ ಹೆಣ್ಣುಗಳು, ತಂದೆ ತಾಯಿ ಜೊತೆಗೇ ಉಳಿದು ತಮ್ಮ-ತಂಗಿಯರಿಗೆ ಹುಳ ತಿನ್ನಿಸತೊಡಗಿದವು. ಇದು ತ್ಯಾಗವೋ, ಬೇರೆ ದಾರಿಯಿಲ್ಲದ ಸ್ಥಿತಿಯೋ? 1988ರಲ್ಲಿ ಯಾನ್ ಕೊಮ್ಡರ್ ಮತ್ತು ಸಂಗಡಿಗರು 29 ಹಕ್ಕಿಗಳನ್ನು ಈ ಹಕ್ಕಿ ಇಲ್ಲದ ಅರೀಡ್ ದ್ವೀಪಕ್ಕೆ ಒಯ್ದರು. ಕಸಿನ್‌ನಲ್ಲಿ ತೆರವಾದ ಜಾಗಗಳಿಗೆ ಬೇರೆ ಗೂಡುಗಳಲ್ಲಿ ಹೀಗೆ ಸಹಾಯಕ್ಕೆ ಉಳಿದಿದ್ದ ಹಕ್ಕಿಗಳು ಕೆಲವೇ ಗಂಟೆಗಳಲ್ಲಿ ಬಂದು ನೆಲೆಸಿದವು. ಅರೀಡ್‌ನಲ್ಲಿ ಮರಿಗಳು ಬೆಳೆದ ಕೂಡಲೇ ಬೇರೆ ಸಂಸಾರ ಹೂಡಿದವು. ಹುಳ ಚೆನ್ನಾಗಿ ಸಿಗುವ ಜಾಗಗಳು ಅಲ್ಲೂ ತುಂಬಿದ ಮೇಲೆ ಮನೆಯಲ್ಲಿ ಉಳಿಯುವ ಮರಿಗಳು ಮತ್ತೆ ಕಾಣಿಸಿಕೊಂಡವು. ಗಮನಿಸಿ, ಕಳಪೆ ಜಾಗ ಆಗಲೂ ಖಾಲಿ ಇತ್ತು. ಅಲ್ಲಿ ಸ್ವಂತ ಗೂಡು ಕಟ್ಟುವುದಕ್ಕಿಂತ ಒಳ್ಳೆಯ ಮನೆಯಲ್ಲಿ ಕಾಯುವುದನ್ನೇ ಅವು ಆರಿಸಿಕೊಂಡವು.