ಆಟದ ಕ್ಲಬ್ಬಿನಲ್ಲಿ ಹಾಡು ಹಾಕಿದರೆ ಶುಲ್ಕ ಯಾಕೆ?

ಹವ್ಯಾಸಿ ಆಟಗಾರರ ಕ್ಲಬ್ಬುಗಳು ಸದಸ್ಯರ ಚಂದಾದಲ್ಲೇ ನಡೆಯುತ್ತವೆ. ಪಂದ್ಯ ನಡೆಸುವವರಿಗೆ, ಮೈದಾನ ನೋಡಿಕೊಳ್ಳುವವರಿಗೆ ಸಾಮಾನ್ಯವಾಗಿ ಸಂಬಳವಿರುವುದಿಲ್ಲ. ಅಂಥ ಕಡೆ ವಾರ್ಮಪ್ ಹೊತ್ತಿಗೆ ನಾಲ್ಕು ಹಾಡು ಹಾಕಿದ್ದಕ್ಕೆ ಲೈಸೆನ್ಸ್ ಶುಲ್ಕ ಕಟ್ಟಿ ಅಂತ ಪತ್ರ ಬಂದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಹಾಡಿಗೆ ದುಡ್ಡು ಕೊಟ್ಟೇ ತಗೊಂಡಿದ್ದೇವೆ, ಮತ್ತೆ ಯಾಕೆ?

ಈ ಜಗಳ ಶುರುವಾಗಿದ್ದು 1847ರ ಪ್ಯಾರಿಸ್‌ನಲ್ಲಿ. ಅರ್ನೆಸ್ಟ್ ಬೂರ್ಜೆ ಎಂಬ ಗೀತರಚನೆಕಾರ ಗೆಳೆಯರ ಜೊತೆ ಒಂದು ಕೆಫೆಯಲ್ಲಿ ಕೂತಿದ್ದಾಗ ಅಲ್ಲಿ ಅವರದ್ದೇ ಸಂಗೀತ ನಡೆಯುತ್ತಿತ್ತು, ಅದಕ್ಕೆ ಕೆಫೆಯವರು ಬಿಡಿಗಾಸೂ ಕೊಟ್ಟಿರಲಿಲ್ಲ. ನೀವು ನಮ್ಮ ಹಾಡಿಗೆ ಕೊಡುವುದಿಲ್ಲ ಅಂದಮೇಲೆ ನಿಮ್ಮ ಪಾನೀಯಕ್ಕೆ ನಾವೂ ಕೊಡುವುದಿಲ್ಲ ಅಂದರು. ವಿಷಯ ಕೋರ್ಟಿಗೆ ಹೋಯಿತು, ಬೂರ್ಜೆ ಗೆದ್ದರು. 1851ರಲ್ಲಿ ಸಂಗೀತಗಾರರ ಪರವಾಗಿ ಶುಲ್ಕ ವಸೂಲಿ ಮಾಡುವ ಸಾಸೆಮ್ ಸಂಸ್ಥೆ ಹುಟ್ಟಿತು. 1914ರಲ್ಲಿ ಬ್ರಿಟನ್‌ನಲ್ಲಿ ಪಿಆರ್‌ಎಸ್, ಅಮೆರಿಕದಲ್ಲಿ ಆಸ್ಕ್ಯಾಪ್ ಎಂಬ ಇಂಥದ್ದೇ ಸಂಸ್ಥೆಗಳು ಬಂದವು. 1917ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇನ್ನೊಂದು ಮಾತು ಸೇರಿಸಿತು: ಊಟಕ್ಕೆ ಬಂದವರಿಂದ ಹಾಡಿಗೆ ಬೇರೆ ಟಿಕೆಟ್ ತಗೊಳ್ಳದಿದ್ದರೂ ಆ ಸಂಗೀತ ಲಾಭಕ್ಕಾಗಿಯೇ ನಡೆಯುತ್ತಿದೆ.

ಗಮನಿಸಿ, ಇಲ್ಲಿವರೆಗೂ ಬಂದಿದ್ದೆಲ್ಲ ಕೆಫೆ, ಹೋಟೆಲ್. ಸಂಗೀತದಿಂದ ಗಿರಾಕಿ ಸೇರಿಸುವ ಜಾಗಗಳು.

ಒಂದು ಹಾಡಿಗೆ ಎರಡು ಹಕ್ಕು ಬಂದಿದ್ದು ಆಮೇಲೆ. ಬ್ರಿಟನ್ನಿನ ಬ್ರಿಸ್ಟಲ್ ಊರಿನ ಒಂದು ಕಾಫಿ ಅಂಗಡಿಯಲ್ಲಿ ಗ್ರಾಮಫೋನ್ ತಟ್ಟೆ ಹಾಕಿದ್ದಕ್ಕೆ ರೆಕಾರ್ಡ್ ಕಂಪನಿ ಕೇಸು ಹಾಕಿ ಗೆದ್ದಿತು. ಹಾಡು ಕಟ್ಟಿದವರ ಹಕ್ಕು ಒಂದು, ಅದನ್ನು ರೆಕಾರ್ಡ್ ಮಾಡಿದವರ ಹಕ್ಕು ಇನ್ನೊಂದು ಅಂತಾಯಿತು. ಆ ಎರಡನೆಯದರ ವಸೂಲಿಗೆ 1934ರಲ್ಲಿ ಪಿಪಿಎಲ್ ಎಂಬ ಸಂಸ್ಥೆ ಶುರುವಾಯಿತು. ಒಂದೇ ಹಾಡಿಗೆ ಎರಡು ಬಿಲ್ ಬರುವುದು ಇದರಿಂದಲೇ. ನಾವು ಹಾಡು ಖರೀದಿ ಮಾಡಿದ್ದು ಸ್ವಂತಕ್ಕೆ ಕೇಳಲು, ಸಾರ್ವಜನಿಕವಾಗಿ ಕೇಳಿಸಲು ಅಲ್ಲ. ಸ್ಟ್ರೀಮಿಂಗ್ ಆ್ಯಪ್‌ಗಳ ಮಾಮೂಲಿ ಚಂದಾ ಕೂಡ ಹಾಗೇ.

ಹಾಗಾದರೆ ಲಾಭವಿಲ್ಲದ ಕ್ಲಬ್? ನಿಜವಾದ ತಕರಾರು ಇರುವುದು ಇಲ್ಲೇ. ಬ್ರಿಟನ್‌ನ 1988ರ ಕಾಪಿರೈಟ್ ಕಾನೂನಿನ 67ನೇ ಸೆಕ್ಷನ್, ಸಮಾಜದ ಒಳಿತಿಗಾಗಿ ಲಾಭವಿಲ್ಲದೆ ನಡೆಯುವ ಕ್ಲಬ್, ಸಂಘಗಳಿಗೆ ರೆಕಾರ್ಡ್ ಹಾಕುವ ವಿಷಯದಲ್ಲಿ ವಿನಾಯಿತಿ ಕೊಟ್ಟಿತ್ತು. ಹಾಡು ಕಟ್ಟಿದವರ ಪಾಲು ಕೊಡಲೇಬೇಕಿತ್ತು, ರೆಕಾರ್ಡಿಂಗ್ ಪಾಲು ಬೇಕಿರಲಿಲ್ಲ. ಆದರೆ ರೆಕಾರ್ಡ್ ಕಂಪನಿಗಳೂ ಗಾಯಕ, ವಾದಕರೂ ನಮಗೂ ಅಷ್ಟೇ ನ್ಯಾಯ ಬೇಕು ಅಂತ ಕೇಳುತ್ತಲೇ ಇದ್ದರು. ಯುರೋಪಿನ ನಿಯಮವೂ ಅವರ ಬೆನ್ನಿಗಿತ್ತು. ಕೊನೆಗೆ 2011ರ ಜನವರಿ 1ರಿಂದ ಆ ವಿನಾಯಿತಿ ಹೋಯಿತು. ಎಷ್ಟೋ ಚಿಕ್ಕ ಕ್ಲಬ್ಬುಗಳಿಗೆ ಎರಡನೇ ಬಿಲ್ ಬಂದಿದ್ದು ಆಗಲೇ. 2018ರಲ್ಲಿ ಪಿಆರ್‌ಎಸ್, ಪಿಪಿಎಲ್ ಎರಡೂ ಸೇರಿ ಒಂದೇ ಲೈಸೆನ್ಸ್ ಮಾಡಿದವು. ಓಡಾಟ ಕಡಿಮೆಯಾಯಿತು ಅಷ್ಟೇ, ಶುಲ್ಕ ಉಳಿಯಿತು.

ಭಾರತದ 1957ರ ಕಾಪಿರೈಟ್ ಕಾಯ್ದೆ ಬೇರೆ ದಾರಿ ಹಿಡಿದಿದೆ. ಲಾಭಕ್ಕಾಗಿ ನಡೆಸದ ಕ್ಲಬ್ ತನ್ನ ಚಟುವಟಿಕೆಯ ಭಾಗವಾಗಿ ರೆಕಾರ್ಡ್ ಕೇಳಿಸಿದರೆ ಅದು ಉಲ್ಲಂಘನೆಯಲ್ಲ ಅಂತ 52ನೇ ಸೆಕ್ಷನ್ ಹೇಳುತ್ತದೆ. ನನಗೆ ಇದೇ ಸರಿ ಅನ್ನಿಸುತ್ತದೆ. ಸಂಗೀತಗಾರರಿಗೆ ದುಡ್ಡು ಸೇರಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಗಿರಾಕಿಗಳಿಗಾಗಿ ಹಾಡು ಹಾಕುವ ಹೋಟೆಲಿಗೆ ಹುಟ್ಟಿದ ನಿಯಮವನ್ನು ಮಕ್ಕಳಿಗೆ ಆಟ ಕಲಿಸುವ ಕ್ಲಬ್ಬಿಗೂ ಹಾಗೇ ಹಚ್ಚಿದರೆ ಹೇಗೆ? 1996ರಲ್ಲಿ ಆಸ್ಕ್ಯಾಪ್ ಅಮೆರಿಕದ ಹುಡುಗಿಯರ ಸಂಘವಾದ ಗರ್ಲ್ ಸ್ಕೌಟ್‌ನ ಶಿಬಿರಗಳಿಂದ ಶುಲ್ಕ ಕೇಳಲು ಹೋಗಿ, ಜನ ರೇಗಿದ ಮೇಲೆ ಹಿಂದೆ ಸರಿಯಿತು. ಜನರಿಗೆ ಈ ವ್ಯತ್ಯಾಸ ಗೊತ್ತು ಅಲ್ವಾ?

ಈಗ ಹೊಸ ತಲೆನೋವು ನೇರಪ್ರಸಾರದ್ದು. ಮೈದಾನದಲ್ಲಿ ಹಾಡು ಕೇಳಿಸಲು ಪಡೆದ ಲೈಸೆನ್ಸ್ ಸಾಮಾನ್ಯವಾಗಿ ಮೈದಾನಕ್ಕೆ ಮಾತ್ರ. ವಿಡಿಯೊ ಜೊತೆ ಹಾಡು ಹೋದರೆ ಅದಕ್ಕೆ ಬೇರೆ ಅನುಮತಿ ಬೇಕು. ಯೂಟ್ಯೂಬ್‌ನ ಸಾಫ್ಟ್‌ವೇರ್ ಹಾಡನ್ನು ತಾನೇ ಗುರುತಿಸುತ್ತದೆ, ಹಕ್ಕುದಾರರು ಬೇಡವೆಂದರೆ ವಿಡಿಯೊ ತಡೆಯುತ್ತದೆ. ಲಾಭವಿಲ್ಲದ ಕ್ಲಬ್ ಅಂತ ಅದು ಕೇಳುವುದಿಲ್ಲ. ಪ್ರಸಾರ ಮಾಡುವ ಕ್ಲಬ್ಬಿಗೆ ಸದ್ಯ ಉಳಿದಿರುವುದು, ಹಾಡಿನ ಹೊತ್ತಿಗೆ ಧ್ವನಿ ನಿಲ್ಲಿಸುವುದು, ಇಲ್ಲವೇ ಉಚಿತವಾಗಿ ಬಳಸಬಹುದಾದ ಸಂಗೀತ ಹುಡುಕಿ ಹಾಕುವುದು.